ಗಾಲಿ ಮೇಲಿನ ಮನೆಗೂ ನೀರು ಬೇಕು

ದೀಪಾವಳಿ ಕಳೆದು ಕಾರ್ತಿಕ ಮುಗಿಯುತ್ತ ಬಂದಂತೆ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಕಬ್ಬಿನ ಹೊಲಗಳ ಮೇಲೆ ಥಂಡಿ ಇಳಿಯುತ್ತದೆ. ರೈತರು ಈ ಥಂಡಿಯ ಹಾದಿ ಕಾಯುತ್ತಾರೆ. ರಾತ್ರಿ 12ರಿಂದ 14 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪು, ಹಗಲು ಒಣ ಬಿಸಿಲು ಇದ್ದರೆ ಕಬ್ಬಿನ ಬೆಳವಣಿಗೆ ನಿಧಾನವಾಗುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಬೆಳವಣಿಗೆಗೆ ಖರ್ಚಾಗದೆ ಗಳದಲ್ಲಿ ಕೂಡತೊಡಗುತ್ತದೆ. ಕಾರ್ಖಾನೆಯ ಸಕ್ಕರೆ ಇಳುವರಿ ಏರುವುದು ಇದೇ ತಿಂಗಳುಗಳಲ್ಲಿ. ಮಹಾಲಿಂಗಪುರದ ಪೇಟೆಗೆ ಹೊಸ ಬೆಲ್ಲ ಬರುವುದೂ ಆಗಲೇ.

ಕಬ್ಬು ಕಡಿಯುವ ಗ್ಯಾಂಗುಗಳೂ ಅದೇ ಥಂಡಿಯಲ್ಲಿ ಬಂದಿಳಿಯುತ್ತವೆ. ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ, ಮರಾಠವಾಡದ ಬೇರೆ ಊರುಗಳಿಂದ, ನಮ್ಮದೇ ರಾಜ್ಯದ ಒಣಭೂಮಿಯ ಹಳ್ಳಿ ಮತ್ತು ತಾಂಡಾಗಳಿಂದ ಸಂಸಾರ ಸಮೇತ ಬರುತ್ತಾರೆ. ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ ಹಾಸಿಗೆ, ಪಾತ್ರೆ, ಜೋಳದ ಚೀಲ, ಕಟ್ಟಿಗೆ, ಕೋಳಿ, ಕೂಸು ಎಲ್ಲವನ್ನೂ ಹೇರಿಕೊಂಡು ಬರುವವರು ಕೆಲವರು. ಟೈರಿನ ಚಕ್ಕಡಿ, ಎತ್ತುಗಳೊಂದಿಗೆ ಬರುವವರು ಇನ್ನು ಕೆಲವರು. ಗ್ಯಾಂಗು ಕೂಡಿಸುವ ಗುತ್ತಿಗೆದಾರ, ಅಂದರೆ ಮುಕಾದಮ, ಮಳೆಗಾಲದಲ್ಲೇ ಮುಂಗಡ ಕೊಟ್ಟಿರುತ್ತಾನೆ. ಅದು ತೀರುವವರೆಗೆ, ಅಂದರೆ ನುರಿಯುವ ಹಂಗಾಮು ಮುಗಿಯುವ ಮಾರ್ಚ್‌ವರೆಗೆ, ತಾಡಪತ್ರಿ ಮತ್ತು ಕಬ್ಬಿನ ರವದಿಯ (ಒಣ ಸೋಗೆಯ) ಗುಡಿಸಲೇ ಅವರ ಮನೆ. ಒಂದು ಹೊಲದ ಕಬ್ಬು ತೀರಿದರೆ ಬಿಡಾರ ಕಿತ್ತು ಟ್ರೇಲರ್‌ಗೆ ಏರಿಸಿ ಮುಂದಿನ ಊರಿಗೆ ಹೊರಡುತ್ತಾರೆ. ಚಕ್ಕಡಿಯವರು ಕಾರ್ಖಾನೆಯ ಅಂಗಳದಲ್ಲಿ ಪಾಳಿ ಬರುವವರೆಗೆ ಕಬ್ಬಿನ ಹೇರಿನ ಪಕ್ಕದಲ್ಲೇ ರಾತ್ರಿ ಕಳೆಯುತ್ತಾರೆ.

ಕೃಷ್ಣಾ ಮತ್ತು ಘಟಪ್ರಭೆಯ ನಡುವಿನ ಈ ಸೀಮೆ ನೀರಾವರಿಗೆ ಹೆಸರಾದದ್ದು. ಘಟಪ್ರಭಾ ಎಡದಂಡೆ ಕಾಲುವೆ, ಹಿಪ್ಪರಗಿ ಬ್ಯಾರೇಜು, ಆಲಮಟ್ಟಿಯ ಹಿನ್ನೀರು, ಹೊಲಹೊಲಕ್ಕೆ ಪೈಪ್‌ಲೈನು ಇಲ್ಲಿವೆ. ಇಷ್ಟು ನೀರಿನ ನಡುವೆ ನಾಲ್ಕೈದು ತಿಂಗಳು ಗಾಲಿಯ ಮೇಲೆ ಬದುಕುವ ಸಂಸಾರಕ್ಕೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಥಂಡಿಯಲ್ಲಿ ಮೈ ತೊಳೆಯಲು ಬಿಸಿನೀರು ಹೇಗೆ ಸಿಗುತ್ತದೆ ಎಂಬುದರ ಬಗ್ಗೆ ನಾವು ಮಾತಾಡುವುದೇ ಕಡಿಮೆ. ಕಬ್ಬಿನ ದರದ ಹೋರಾಟ ಪ್ರತಿ ಹಂಗಾಮಿನಲ್ಲಿ ಸುದ್ದಿಯಾಗುತ್ತದೆ, ಆಗಲೇಬೇಕು. ಕಬ್ಬು ಕಡಿಯುವವರ ಕೊಡದ ನೀರೂ ಅಷ್ಟೇ ದೊಡ್ಡ ವಿಷಯವೆಂದು ನಂಬಿ ಈ ಲೇಖನ ಬರೆಯುತ್ತಿದ್ದೇನೆ.

ಒಂದು ಕೊಡದ ಹಾದಿ

ಗ್ಯಾಂಗಿನ ಹೆಣ್ಣುಮಗಳ ದಿನ ನಸುಕಿಗೂ ಮೊದಲೇ ಶುರುವಾಗುತ್ತದೆ. ರೊಟ್ಟಿ ಬಡಿದು, ಗಂಟು ಕಟ್ಟಿ, ಮಕ್ಕಳನ್ನು ಎಬ್ಬಿಸಿ, ಬೆಳಕು ಹರಿಯುವಷ್ಟರಲ್ಲಿ ಹೊಲದಲ್ಲಿರಬೇಕು. ಗಂಡ ಕಡಿದು ಹಾಕಿದ ಕಬ್ಬಿನ ಸೋಗೆ ಸವರಿ ಕಟ್ಟು ಕಟ್ಟಬೇಕು, ಟ್ರೇಲರ್ ಬಂದರೆ ತಲೆಯ ಮೇಲೆ ಹೊತ್ತು ಹಲಗೆ ಏರಿ ಹೇರಬೇಕು. ಟ್ರೇಲರ್ ರಾತ್ರಿ ಬಂದರೆ ಹೇರುವುದೂ ರಾತ್ರಿಯೇ. ಕಡಿದ ಕಬ್ಬು ನಿಂತಷ್ಟೂ ತೂಕ ಮತ್ತು ಸಕ್ಕರೆ ಎರಡನ್ನೂ ಕಳೆದುಕೊಳ್ಳುವುದರಿಂದ ಕಾರ್ಖಾನೆಗೆ ಅವಸರ ಇದ್ದೇ ಇರುತ್ತದೆ. ಈ ಕೆಲಸದ ಸಂದಿಯಲ್ಲಿ ನೀರು ತರಬೇಕು. ತರುವುದು ಹೆಚ್ಚಾಗಿ ಹೆಣ್ಣುಮಕ್ಕಳು ಮತ್ತು ದೊಡ್ಡ ಹುಡುಗಿಯರು.

ಹೊಲದ ಒಡೆಯನ ಬೋರಿನಲ್ಲಿ ಕರೆಂಟು ಇರುವ ಹೊತ್ತಿಗೆ ಹೋದರೆ ನೀರು ಸಿಗುತ್ತದೆ. ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದರೆ ಕೊಡ ತುಂಬುವುದೂ ರಾತ್ರಿಗೇ. ಊರ ಹತ್ತಿರ ಬಿಡಾರ ಬಿದ್ದರೆ ಯಾರದೋ ಮನೆಯ ನಳಕ್ಕೆ ಹೋಗಿ, ‘ಯಕ್ಕಾ, ಒಂದ ಕೊಡಾ ನೀರ ಕೊಡ್ರಿ’ ಎಂದು ಕೇಳಬೇಕು. ನಮ್ಮ ಕಡೆ ನೀರು ಕೇಳಿದವರಿಗೆ ಇಲ್ಲವೆನ್ನುವವರು ಕಡಿಮೆ. ಆದರೆ ದಿನವೂ ಕೇಳಬೇಕಾಗಿ ಬರುವುದು ಬೇರೆ ಸಂಕಟ. ಎರಡೂ ಇಲ್ಲದ ಕಡೆ ಕಾಲುವೆಯೇ ಗತಿ. ಹೊಲಗಾಲುವೆಯ ನೀರಿನಲ್ಲಿ ಗೊಬ್ಬರ ಮತ್ತು ಔಷಧಿ ಸೇರಿರುತ್ತವೆ, ಪಾಳಿ ಮುಗಿದರೆ ಆ ನೀರೂ ನಿಲ್ಲುತ್ತದೆ. ದಶಕಗಳ ಕಾಲ ಮಿತಿಮೀರಿ ನೀರು ಹಾಯಿಸಿದ ಹೊಲಗಳು ಸವಳು-ಜವಳಾದ ಕಡೆ ಬಾವಿ, ಬೋರುಗಳ ನೀರೇ ಉಪ್ಪು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ.

15 ಲೀಟರಿನ ಒಂದು ಕೊಡ ಎಂದರೆ ತಲೆಯ ಮೇಲೆ 15 ಕಿಲೋ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ನಳದಲ್ಲಿ ಬರಬೇಕು ಎನ್ನುತ್ತದೆ. ಐದು ಜನರ ಸಂಸಾರಕ್ಕೆ ಅದು 275 ಲೀಟರ್, ಅಂದರೆ ಸುಮಾರು 18 ಕೊಡ. ನೆರೆ, ಭೂಕಂಪಗಳಾದಾಗ ನಿರಾಶ್ರಿತರ ಶಿಬಿರಗಳಿಗೆ ಜಗತ್ತು ಒಪ್ಪಿಕೊಂಡಿರುವ ಕನಿಷ್ಠ ಅಳತೆ ತಲೆಗೆ 15 ಲೀಟರ್. ಆ ಲೆಕ್ಕದಲ್ಲಿ ಇದೇ ಸಂಸಾರಕ್ಕೆ 5 ಕೊಡ. ಹಗಲೆಲ್ಲ ಕಬ್ಬು ಹೊತ್ತ ತಲೆ ಅಷ್ಟನ್ನು ಮಾತ್ರ ಹೊತ್ತರೂ ಅದು ದುಡಿಮೆಯ ಮೇಲೆ ಇನ್ನೊಂದು ದುಡಿಮೆ. ಚಕ್ಕಡಿಯವರಿಗೆ ಎತ್ತಿನ ಬಾಯಾರಿಕೆಯೂ ಇದೆ. ದುಡಿಯುವ ಒಂದು ಎತ್ತು ದಿನಕ್ಕೆ 30ರಿಂದ 40 ಲೀಟರ್ ನೀರು ಕುಡಿಯುತ್ತದೆ.

ಹಿಮದ ನಾಡಿನ ಗಾಡಿಗಳು

ಮನೆಯನ್ನೇ ಗಾಲಿಯ ಮೇಲೆ ಕಟ್ಟಿಕೊಂಡು ಚಳಿಗಾಲ ಕಳೆಯುವವರು ಯುರೋಪು, ಅಮೆರಿಕ, ಕೆನಡಾಗಳಲ್ಲೂ ಇದ್ದಾರೆ. ಅಲ್ಲಿನ ಕ್ಯಾಂಪರ್ ವ್ಯಾನುಗಳನ್ನು ಇಲ್ಲಿ ನೆನೆಯಲು ಕಾರಣವಿದೆ. ಆ ಗಾಡಿಗಳಲ್ಲಿ ನೀರಿನ ವ್ಯವಸ್ಥೆಯನ್ನು ಬಹಳ ಶ್ರದ್ಧೆಯಿಂದ ಯೋಚಿಸಿ ಮಾಡಿರುತ್ತಾರೆ.

ಸಾಮಾನ್ಯವಾಗಿ ಇಂಥ ಗಾಡಿಯಲ್ಲಿ 100 ಲೀಟರಿನ ಆಸುಪಾಸಿನ ಒಂದು ಸಿಹಿನೀರಿನ ಟ್ಯಾಂಕು ಇರುತ್ತದೆ. ಗಾಡಿಯ 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪು ನೀರನ್ನು ನಳಕ್ಕೆ ತರುತ್ತದೆ. ಅನಿಲ ಅಥವಾ ಡೀಸೆಲ್‌ನಿಂದ ಉರಿಯುವ ಹೀಟರು ಒಳಗಿನ ಗಾಳಿಯನ್ನೂ ನೀರನ್ನೂ ಬಿಸಿ ಮಾಡುತ್ತದೆ. ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ಗಾಡಿಯ ಅಡಿಯ ಇನ್ನೊಂದು ಟ್ಯಾಂಕಿನಲ್ಲಿ ಕೂಡುತ್ತದೆ, ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ ಅದನ್ನು ಖಾಲಿ ಮಾಡುತ್ತಾರೆ.

ಉಷ್ಣಾಂಶ ಸೊನ್ನೆಗಿಂತ ಕೆಳಗೆ ಇಳಿದರೆ ಈ ವ್ಯವಸ್ಥೆಗೆ ಅಪಾಯ. ನೀರು 4 ಡಿಗ್ರಿಯವರೆಗೆ ಕುಗ್ಗುತ್ತದೆ, ಅಲ್ಲಿಂದ ಕೆಳಗೆ ಮತ್ತೆ ಹಿಗ್ಗತೊಡಗುತ್ತದೆ, ಮಂಜುಗಡ್ಡೆಯಾಗುವಾಗ ಸುಮಾರು ಶೇ 9ರಷ್ಟು ಹೆಚ್ಚು ಜಾಗ ಬೇಡುತ್ತದೆ. ಮುಚ್ಚಿದ ಪೈಪಿನಲ್ಲಿ ಆ ಜಾಗ ಎಲ್ಲಿಂದ ಬರಬೇಕು? ಪೈಪು ಸೀಳುತ್ತದೆ, ಪಂಪು ಒಡೆಯುತ್ತದೆ, ಬಾಯ್ಲರು ಬಿರುಕು ಬಿಡುತ್ತದೆ. ಹೀಗಾಗದಂತೆ ಅಲ್ಲಿನವರು ಕೆಲವು ನಿಯಮ ಪಾಲಿಸುತ್ತಾರೆ. ಸಿಹಿನೀರಿನ ಟ್ಯಾಂಕನ್ನು ಗಾಡಿಯ ಹೊರಗೆ ಬಿಡದೆ ಬೆಚ್ಚಗಿನ ಒಳಭಾಗದಲ್ಲಿ ಇಡುತ್ತಾರೆ. ಪೈಪಿಗೆ ಹೊದಿಕೆ ಸುತ್ತುತ್ತಾರೆ. ಗಾಡಿ ಬಿಟ್ಟು ಹೋಗುವಾಗ ಒಂದು ಹನಿಯೂ ಉಳಿಯದಂತೆ ಎಲ್ಲ ನಳ ತೆರೆದು ನೀರು ಬಸಿಯುತ್ತಾರೆ. ಬಾಯ್ಲರಿಗೆ ವಿಶೇಷ ಕವಾಟ ಹಾಕಿರುತ್ತಾರೆ. ಅದರ ಸುತ್ತಲಿನ ಉಷ್ಣಾಂಶ ಸುಮಾರು 3 ಡಿಗ್ರಿಗೆ ಇಳಿದರೆ ಅದು ತಾನಾಗಿ ತೆರೆದುಕೊಂಡು ನೀರನ್ನೆಲ್ಲ ಹೊರಗೆ ಬಿಡುತ್ತದೆ. ನೀರು ಹೋದರೂ ಬಾಯ್ಲರು ಉಳಿಯುತ್ತದೆ.

ಇಂಥ ಗಾಡಿಗಳು ಈಗ ನಮ್ಮ ದೇಶದಲ್ಲೂ ಓಡಾಡುತ್ತಿವೆ. ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನೇ ತಂದಿತು. ಗಾಡಿಯ ಮಾದರಿ ಹೇಗಿರಬೇಕು, ಅದು ನಿಲ್ಲುವ ಜಾಗದಲ್ಲಿ ನೀರು, ಕರೆಂಟು, ಕೊಳೆನೀರಿನ ವ್ಯವಸ್ಥೆ ಏನಿರಬೇಕು ಎಂದು ಆಡಳಿತ ಕೂತು ಯೋಚಿಸುತ್ತದೆ. ಯೋಚಿಸಬೇಕಾದದ್ದೇ. ರಜೆಗೆಂದು ಹೊರಟ ಇಬ್ಬರ ಗಾಡಿಯಲ್ಲಿ 100 ಲೀಟರ್ ನೀರು ಇರಲೇಬೇಕೆಂದು ಯೋಚಿಸಲು ಸಾಧ್ಯವಾದ ಮೇಲೆ, ದುಡಿಯಲು ಬಂದ ಐವರ ಗಾಡಿಗೂ ಅಷ್ಟೇ ನೀರನ್ನು ಯೋಚಿಸಲು ಸಾಧ್ಯ.

ಹೆಪ್ಪುಗಟ್ಟದ ನೀರಿನ ಥಂಡಿ

ಮುಧೋಳ, ಜಮಖಂಡಿಗಳಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಕೆಲವು ವರ್ಷ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ. ಗೋಡೆಯ ಮನೆಯಲ್ಲಿ ಕಂಬಳಿ ಹೊದ್ದವರಿಗೆ ಇದು ಹಿತವಾದ ಚಳಿ. ನೀರು ಹಾಯಿಸಿದ ಕಬ್ಬಿನ ಹೊಲದ ಅಂಚಿನಲ್ಲಿ, ಹಸಿ ಎರೆಮಣ್ಣಿನ ಮೇಲೆ ತಾಡಪತ್ರಿಯ ಕೆಳಗೆ ಮಲಗಿದವರ ಚಳಿ ಬೇರೆ. ಮಣ್ಣಿನ ಹರವಿಯಲ್ಲಿ ನೀರಿಟ್ಟರೆ ಒಣ ಗಾಳಿಗೆ ಹರವಿ ಬೆವರಿ ನೀರು ಇನ್ನೂ ತಣ್ಣಗಾಗುತ್ತದೆ. ಬೇಸಿಗೆಯಲ್ಲಿ ವರವಾದ ಈ ಗುಣ ಥಂಡಿಯಲ್ಲಿ ಹಲ್ಲು ಜುಮ್ಮೆನಿಸುತ್ತದೆ.

ಹಿಮದ ನಾಡಿನಲ್ಲಿ ಥಂಡಿ ಪೈಪನ್ನು ಒಡೆದರೆ ನಮ್ಮಲ್ಲಿ ಮೈಯನ್ನು ಕೆಡಿಸುತ್ತದೆ. ತಣ್ಣೀರೆಂದು ಜನ ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಹೆಣ್ಣುಮಕ್ಕಳಿಗೆ ಇನ್ನೊಂದು ಕಾರಣವೂ ಇದೆ. ಬಿಡಾರದಲ್ಲಿ ಶೌಚಾಲಯ ಇರುವುದಿಲ್ಲ, ಕತ್ತಲಾಗುವವರೆಗೆ ತಡೆಯಬೇಕು, ತಡೆಯಬೇಕೆಂದರೆ ನೀರು ಕುಡಿಯಬಾರದು. ಬೆವರು ಸುರಿಸಿ ದುಡಿಯುವ ದೇಹಕ್ಕೆ ನೀರು ಕಡಿಮೆಯಾದರೆ ಉರಿಮೂತ್ರ, ಮೂತ್ರನಾಳದ ಸೋಂಕು ಅಂಟಿಕೊಳ್ಳುತ್ತವೆ. ಮುಟ್ಟಿನ ದಿನಗಳಲ್ಲಿ ಬಟ್ಟೆ ತೊಳೆಯಲು, ಮೈ ತೊಳೆಯಲು ನೀರಿಲ್ಲದಿದ್ದರೆ ಸೋಂಕು ಇನ್ನೂ ಒಳಗೆ ಇಳಿಯುತ್ತದೆ.

ಇದರ ಕೊನೆ ಎಲ್ಲಿ ಎಂಬುದನ್ನು ಬೀಡ ಜಿಲ್ಲೆ ತೋರಿಸಿದೆ. ಕಬ್ಬು ಕಡಿಯುವ ಹೆಣ್ಣುಮಕ್ಕಳು ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಳ್ಳುತ್ತಿರುವ ಸುದ್ದಿ 2019ರಲ್ಲಿ ದೇಶವನ್ನು ಬೆಚ್ಚಿಬೀಳಿಸಿತು. ಮಹಾರಾಷ್ಟ್ರ ಸರಕಾರ ನೀಲಮ್ ಗೋರ್ಹೆ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಆ ಜಿಲ್ಲೆಯಲ್ಲಿ ಸಮೀಕ್ಷೆಗೊಳಗಾದ 82 ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಆ ಶಸ್ತ್ರಚಿಕಿತ್ಸೆ ಆಗಿತ್ತು. ಕಾರಣಗಳು ಹಲವು: ರಜೆ ಹಾಕಿದರೆ ಮುಕಾದಮ ಹಿಡಿಯುವ ದಂಡ, ದಾರಿ ತಪ್ಪಿಸುವ ವೈದ್ಯರು, ಬಾಲ್ಯವಿವಾಹ, ಬಡತನ. ನೀರು ಮತ್ತು ಶೌಚಾಲಯ ಇಲ್ಲದ ಬಿಡಾರದಿಂದ ಬರುವ ತೀರದ ಸೋಂಕೂ ಅವುಗಳಲ್ಲಿ ಒಂದು. ಬೀಡಿನ ಗ್ಯಾಂಗುಗಳು ನಮ್ಮ ಹೊಲಗಳಿಗೂ ಬರುತ್ತವೆ. ಆ ಅಂಕಿಯಲ್ಲಿ ನಮ್ಮ ಹೊಲದ ಅಂಚಿನ ಬಿಡಾರಗಳ ಪಾಲೂ ಇದೆ.

ಬಿಸಿನೀರಿನ ಲೆಕ್ಕ ನೋಡೋಣ. 20 ಲೀಟರ್ ನೀರನ್ನು 18 ಡಿಗ್ರಿಯಿಂದ ಸ್ನಾನಕ್ಕೆ ಹಿತವಾದ 40 ಡಿಗ್ರಿಗೆ ಏರಿಸಲು ಸುಮಾರು 1,840 ಕಿಲೋಜೂಲ್ ಶಾಖ ಬೇಕು. ಮೂರು ಕಲ್ಲಿನ ಬಯಲು ಒಲೆಯಲ್ಲಿ ಉರಿಯ ಶೇ 10ರಿಂದ 15 ಭಾಗ ಮಾತ್ರ ಪಾತ್ರೆಗೆ ತಲುಪುತ್ತದೆ. ಆ ಲೆಕ್ಕದಲ್ಲಿ ಒಬ್ಬರ ಸ್ನಾನಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಒಣ ರವದಿ ಸಾಕು. ಕಬ್ಬಿನ ಹೊಲದಲ್ಲಿ ರವದಿಗೆ ಬರವಿಲ್ಲ. ಆದರೆ ರವದಿ ಭಗ್ಗನೆ ಉರಿದು ಆರುತ್ತದೆ. ಒಲೆಯ ಮುಂದೆ ಕೂತು ಎಡೆಬಿಡದೆ ತುರುಕುತ್ತಿರಬೇಕು, ಹೊಗೆ ಕುಡಿಯಬೇಕು. ಗುಡಿಸಲೂ ರವದಿಯದ್ದೇ ಆಗಿರುವುದರಿಂದ ಕಿಡಿ ಹಾರಿದರೆ ಇಡೀ ಬಿಡಾರಕ್ಕೆ ಬೆಂಕಿ. ಕೊರತೆ ಇರುವುದು ಉರುವಲಿನದ್ದಲ್ಲ, ನೀರಿನದ್ದು ಮತ್ತು ಒಲೆಯ ಮುಂದೆ ಕೂರಲು ಬಿಡುವಿನದ್ದು. ಈ ಎರಡನ್ನೂ ಹೆಚ್ಚು ಕಳೆದುಕೊಂಡವರು ಬಿಡಾರದಲ್ಲೇ ಹೆತ್ತ ಬಾಣಂತಿ ಮತ್ತು ಹಸುಗೂಸು.

ನಿಯಮದಲ್ಲಿ ಉಣ್ಣೆಯ ಕೋಟು ಇದೆ

ಕಾನೂನು ಈ ಜನರನ್ನು ಪೂರ್ತಿ ಮರೆತಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ವಸತಿ, ಉಚಿತ ವೈದ್ಯಕೀಯ ನೆರವು, ರಕ್ಷಣೆಯ ಉಡುಪು ಇವನ್ನೆಲ್ಲ ಗುತ್ತಿಗೆದಾರನ ಹೊಣೆಯಾಗಿಸಿತು. ಕೇಂದ್ರ ಸರಕಾರ ತನ್ನ ವ್ಯಾಪ್ತಿಯ ಕೆಲಸಗಳಿಗೆ 1980ರಲ್ಲಿ ರೂಪಿಸಿದ ನಿಯಮಗಳನ್ನು ಅಳತೆಗೋಲಾಗಿ ಓದಬೇಕು. ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿಳಿಯುವ ಕಡೆ ಕೆಲಸಗಾರನಿಗೆ ಎರಡು ವರ್ಷಕ್ಕೊಮ್ಮೆ ಒಂದು ಉಣ್ಣೆಯ ಕೋಟು, ಒಂದು ಉಣ್ಣೆಯ ಪ್ಯಾಂಟು ಕೊಡಬೇಕು ಎಂದು ಅವುಗಳಲ್ಲಿದೆ. ಸಂಸಾರ ಸಮೇತ ಬಂದವರಿಗೆ ಕನಿಷ್ಠ 10 ಚದರ ಮೀಟರಿನ ಕೋಣೆ, ಜಗಲಿ, ಅಡುಗೆಗೆ ಮಾಡಿನ ಜಾಗ ಇರಬೇಕು, ಶುದ್ಧ ಕುಡಿಯುವ ನೀರು ಸಾಕಷ್ಟಿರಬೇಕು ಎಂದಿದೆ.

ನಮ್ಮ ನಾಲ್ಕು ತಾಲ್ಲೂಕುಗಳ ಚಳಿಗಾಲದ ರಾತ್ರಿಗಳು 20 ಡಿಗ್ರಿಗಿಂತ ಕೆಳಗೇ ಇರುತ್ತವೆ. ಈ ಅಳತೆ ಹಿಡಿದರೆ ಕಬ್ಬು ಕಡಿಯುವ ಪ್ರತಿಯೊಬ್ಬರೂ ಉಣ್ಣೆಯ ಕೋಟಿಗೆ ಅರ್ಹರು. ಆ ಕಾಯ್ದೆಯನ್ನು ಸಂಸತ್ತು 2020ರಲ್ಲಿ ಒಪ್ಪಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೊಳಗೆ ಸೇರಿಸಲಾಗಿದೆ. ಕಾನೂನಿನ ಹೆಸರು ಏನೇ ಇರಲಿ, ಹೊಲದಲ್ಲಿ ಒಂದು ತೊಡಕು ಎದುರಾಗುತ್ತದೆ. ಕಾರ್ಖಾನೆ ಕರಾರು ಮಾಡಿಕೊಳ್ಳುವುದು ಸಾಗಣೆದಾರನ ಜತೆ, ಸಾಗಣೆದಾರ ಮುಕಾದಮನ ಜತೆ, ಮುಕಾದಮ ಕಬ್ಬು ಕಡಿಯುವ ಗಂಡ-ಹೆಂಡಿರ ಜೋಡಿಯ ಜತೆ. ಹೊಲ ರೈತನದು, ಬಿಡಾರ ಇರುವುದು ಆತನ ಬದುವಿನಲ್ಲಿ. ನೀರು ಕೊಡುವುದು ಯಾರ ಕೆಲಸ ಎಂದು ಕೇಳಿದರೆ ನಾಲ್ವರೂ ಉಳಿದ ಮೂವರ ಕಡೆ ನೋಡುವಂಥ ಸ್ಥಿತಿ. ವಲಸೆ ಬಂದವರು ನಮ್ಮದೇ ರಾಜ್ಯದ ಇನ್ನೊಂದು ಜಿಲ್ಲೆಯವರಾದರೆ 1979ರ ಕಾಯ್ದೆಯ ನೆರಳೂ ಅವರಿಗೆ ಇರಲಿಲ್ಲ.

ಮಹಾರಾಷ್ಟ್ರ ಈಚೆಗೆ ಒಂದು ಹೆಜ್ಜೆ ಮುಂದಿಟ್ಟಿದೆ. ಗೋಪಿನಾಥ ಮುಂಡೆ ಅವರ ಹೆಸರಿನಲ್ಲಿ ಕಬ್ಬು ಕಡಿಯುವವರ ಕಲ್ಯಾಣ ಮಹಾಮಂಡಳಿ ಮಾಡಿ, ಕಾರ್ಖಾನೆಗಳು ನುರಿಸುವ ಪ್ರತಿ ಟನ್ ಕಬ್ಬಿಗೆ 10 ರೂಪಾಯಿ ಅದಕ್ಕೆ ಕೊಡಬೇಕೆಂದು ನಿಗದಿ ಮಾಡಿತು. ದಿನಕ್ಕೆ 10,000 ಟನ್ ನುರಿಸುವ ಕಾರ್ಖಾನೆಯಿಂದ ಆ ದರದಲ್ಲಿ ದಿನಕ್ಕೆ ಒಂದು ಲಕ್ಷ ರೂಪಾಯಿ ಕೂಡುತ್ತದೆ. ಹೊಣೆಯನ್ನು ಟನ್ನಿಗೆ ಕಟ್ಟಿದ್ದರಿಂದ, ಯಾರು ಕೊಡಬೇಕು, ಎಷ್ಟು ಕೊಡಬೇಕು ಎಂಬ ತಕರಾರಿಗೆ ಜಾಗವೇ ಉಳಿಯುವುದಿಲ್ಲ. ನಮ್ಮ ಕಡೆಯೂ ನೀರಿನ ಹೊಣೆಯನ್ನು ಟನ್ನಿಗೇ ಕಟ್ಟಬೇಕು.

ಬಿಡಾರದಲ್ಲೇ ಆಗುವ ಕೆಲಸ

ದೊಡ್ಡ ವ್ಯವಸ್ಥೆ ಬರುವವರೆಗೆ ಕಾಯದೆ ಮಾಡಬಹುದಾದ ಕೆಲಸಗಳೂ ಇವೆ. ಹೊಲದ ರೈತ, ಊರಿನ ಪಂಚಾಯಿತಿ, ಆಶಾ ಕಾರ್ಯಕರ್ತೆ, ಮುಕಾದಮ ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಆಗುವಂಥವು.

ಬಿಡಾರ ಬಿದ್ದ ದಿನವೇ ಮುಚ್ಚಳ ಮತ್ತು ನಳವಿರುವ ಒಂದು 200 ಲೀಟರಿನ ಬ್ಯಾರಲನ್ನು ಕಲ್ಲಿನ ಮೇಲೆ ಎತ್ತರಿಸಿ ಇಡಬೇಕು. ಹಳೆಯ ಔಷಧಿಯ ಅಥವಾ ಎಣ್ಣೆಯ ಬ್ಯಾರಲು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬೇಡ. ಚೊಂಬು ಅದ್ದಿ ತೆಗೆಯುವ ಬದಲು ನಳದಿಂದ ಹಿಡಿದರೆ ಕೈಯ ಕೊಳೆ ನೀರಿಗೆ ಸೇರುವುದಿಲ್ಲ. ಬ್ಯಾರಲಿನ ಸುತ್ತ ಗೋಣಿಚೀಲ ಸುತ್ತಿ ರವದಿ ಒತ್ತಿದರೆ ಬೆಳಗಿನ ನೀರು ಅಷ್ಟು ಕೊರೆಯುವುದಿಲ್ಲ. ಕ್ಯಾಂಪರ್ ವ್ಯಾನಿನ ಪೈಪಿಗೆ ಸುತ್ತುವುದೂ ಇದೇ ತತ್ತ್ವದ ಹೊದಿಕೆಯನ್ನು.

ನೀರು ಶುದ್ಧಿ ಮಾಡುವಾಗ ಥಂಡಿಯನ್ನು ಗಮನದಲ್ಲಿಡಬೇಕು. ಸಾರ್ವಜನಿಕ ಆರೋಗ್ಯದ ಪಾಠದಂತೆ 1,000 ಲೀಟರ್ ತಿಳಿನೀರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಹಾಕಿ ಒಂದು ತಾಸು ಬಿಡಬೇಕು. 200 ಲೀಟರಿಗೆ ಬರುವ ಅರ್ಧ ಗ್ರಾಂ ಎಷ್ಟೆಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಆದ್ದರಿಂದ ಆರೋಗ್ಯ ಇಲಾಖೆಯ ಕ್ಲೋರಿನ್ ಮಾತ್ರೆ ಮೇಲು. ನೀರು ತಣ್ಣಗಿದ್ದಷ್ಟೂ ಕ್ಲೋರಿನ್ ನಿಧಾನವಾಗಿ ಕೆಲಸ ಮಾಡುತ್ತದೆ, ಹೀಗಾಗಿ ಚಳಿಗಾಲದಲ್ಲಿ ಕಾಯುವ ಹೊತ್ತನ್ನು ಇಮ್ಮಡಿ ಮಾಡಬೇಕು. ರಾತ್ರಿ ಹಾಕಿ ಬೆಳಿಗ್ಗೆ ಕುಡಿಯುವುದು ಎಲ್ಲಕ್ಕಿಂತ ಸಲೀಸು. ಕ್ಲೋರಿನ್ ಇಲ್ಲದಿದ್ದರೆ ತಿಳಿನೀರನ್ನು ಪಾರದರ್ಶಕ ಬಾಟಲಿಗಳಲ್ಲಿ ತುಂಬಿ ಆರು ತಾಸು ಬಿಸಿಲಿಗೆ ಮಲಗಿಸಿದರೆ ಸೂರ್ಯನ ಅತಿನೇರಳೆ ಕಿರಣ ರೋಗಾಣುಗಳನ್ನು ಕೊಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದ ಕ್ರಮವಿದು. ನಮ್ಮ ಸೀಮೆಯ ಚಳಿಗಾಲ ಮೋಡವಿಲ್ಲದ್ದು, ಬಿಸಿಲು ಸಮೃದ್ಧ. ಗೊಬ್ಬರ, ಔಷಧಿ ಬೆರೆತ ಕಾಲುವೆಯ ನೀರಿಗಾಗಲಿ, ಸವಳು ನೀರಿಗಾಗಲಿ ಈ ಯಾವ ಕ್ರಮವೂ ಉಪಾಯವಲ್ಲ. ಅಂಥ ಕಡೆ ಒಳ್ಳೆಯ ನೀರನ್ನು ಹೊರಗಿನಿಂದಲೇ ತರಬೇಕು.

ಸ್ನಾನದ ನೀರಿಗೂ ಅದೇ ಬಿಸಿಲು ನೆರವಾಗುತ್ತದೆ. ಕಪ್ಪು ಬಣ್ಣದ 20 ಲೀಟರ್ ಕ್ಯಾನುಗಳನ್ನು ಬೆಳಿಗ್ಗೆ ಗಾಳಿ ತಾಗದ ಕಡೆ ದಕ್ಷಿಣಕ್ಕೆ ಮುಖ ಮಾಡಿ ಬಿಸಿಲಿಗೆ ಇಟ್ಟು ಹೋದರೆ, ಸಂಜೆ ಹೊಲದಿಂದ ಬರುವ ಹೊತ್ತಿಗೆ ನೀರು ಬೆಚ್ಚಗಾಗಿರುತ್ತದೆ, ಒಲೆಯ ಮುಂದೆ ಕೂರುವ ಸಮಯ ಉಳಿಯುತ್ತದೆ. ತಾಡಪತ್ರಿಯ ಮರೆ ಕಟ್ಟಿದ ಒಂದು ಬಚ್ಚಲು, ಅದರ ನೀರು ಬಿಡಾರದ ನಡುವೆ ನಿಲ್ಲದೆ ಕಬ್ಬಿನ ಸಾಲಿಗೆ ಹರಿಯಲು ಒಂದು ಗೆರೆ ಕಾಲುವೆ ಇದ್ದರೆ ಹೆಣ್ಣುಮಕ್ಕಳು ಸ್ನಾನಕ್ಕೆ ಕತ್ತಲಾಗುವುದನ್ನು ಕಾಯಬೇಕಿಲ್ಲ.

ಖಾಲಿ ಮರಳುವ ಟ್ರೇಲರ್

ಈಗ ದೊಡ್ಡ ಲೆಕ್ಕಕ್ಕೆ ಬರೋಣ. ಕಬ್ಬಿನ ತೂಕದಲ್ಲಿ ಸುಮಾರು ಶೇ 70 ಭಾಗ ನೀರು. ಒಂದು ಟನ್ ಕಬ್ಬು ಕಾರ್ಖಾನೆಯ ಬಾಗಿಲು ದಾಟಿದಾಗ ಅದರೊಳಗೆ ಹೆಚ್ಚುಕಡಿಮೆ 700 ಲೀಟರ್ ನೀರು ಇರುತ್ತದೆ. ಕಾರ್ಖಾನೆ ಹಾಲು ಹಿಂಡಿ ಕುದಿಸುವಾಗ ಆ ನೀರು ಆವಿಯಾಗಿ, ಮತ್ತೆ ತಣಿದು ಬಿಸಿನೀರಾಗಿ ಹೊರಬರುತ್ತದೆ. ಅದರಲ್ಲಿ ಒಂದಷ್ಟು ಬಾಯ್ಲರಿಗೆ ಹೋಗುತ್ತದೆ, ಒಂದಷ್ಟು ಗಾಣದಲ್ಲಿ ಸಿಪ್ಪೆಗೆ ಚಿಮುಕಿಸಲು ಬಳಕೆಯಾಗುತ್ತದೆ. ಉಳಿದದ್ದನ್ನು ತಣಿಸಿ, ಶುದ್ಧಿ ಮಾಡಿ ಬೇರೆ ಕೆಲಸಕ್ಕೆ ಬಳಸಬೇಕು. ಅಂದರೆ ಸಕ್ಕರೆ ಕಾರ್ಖಾನೆ ಎಂಬುದು ಚಳಿಗಾಲದ ಐದು ತಿಂಗಳು ಹಗಲು ರಾತ್ರಿ ಬಿಸಿನೀರು ಹುಟ್ಟುವ ಜಾಗ. ಸಮೀರವಾಡಿ, ಸಿದ್ದಾಪುರ, ಹಿರೇಪಡಸಲಗಿ, ಬಾಡಗಂಡಿ, ಮುಧೋಳ ಹೀಗೆ ಈ ಸೀಮೆಯ ಸುತ್ತ ಇಂಥ ಜಾಗಗಳಿಗೆ ಕೊರತೆಯಿಲ್ಲ.

ಒಂದು ಜೋಡಿ ದಿನಕ್ಕೆ ಎರಡು ಟನ್ ಕಬ್ಬು ಕಡಿಯುತ್ತದೆ ಎಂದಿಟ್ಟುಕೊಳ್ಳೋಣ. ಎರಡು ಟನ್ನಿನಲ್ಲಿ ಕಾರ್ಖಾನೆಗೆ ತಲುಪಿದ ನೀರು 1,400 ಲೀಟರ್. ಆ ಜೋಡಿಯ ಸಂಸಾರದಲ್ಲಿ ಮಕ್ಕಳು, ಮುದುಕರು ಸೇರಿ ಐದು ಜನ. ತಲೆಗೆ 20 ಲೀಟರಿನಂತೆ ಅವರಿಗೆ ಬೇಕಾದ್ದು 100 ಲೀಟರ್. ತಾವು ಹೊತ್ತು ಹೇರಿ ಕಳಿಸಿದ ನೀರಿನ ಹದಿನಾಲ್ಕರಲ್ಲಿ ಒಂದು ಪಾಲು ಅಷ್ಟೇ. ಹೊಣೆಯನ್ನು ಟನ್ನಿಗೆ ಕಟ್ಟಿದರೆ, ನುರಿಸಿದ ಪ್ರತಿ ಟನ್ನಿಗೆ 50 ಲೀಟರ್ ಕುಡಿಯಲು ಯೋಗ್ಯವಾದ ನೀರು ಬಿಡಾರಕ್ಕೆ ಮರಳಬೇಕು.

ಮರಳುವ ದಾರಿಯೂ ಸಿದ್ಧವಾಗಿದೆ. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು ಕಬ್ಬು ಇಳಿಸಿ ಹೊಲಕ್ಕೆ ಬರುವುದು ಖಾಲಿಯಾಗಿ. ಪ್ರತಿ ಟ್ರೇಲರಿನ ಮುಂದಿನ ತುದಿಯಲ್ಲಿ 500 ಲೀಟರಿನ ಒಂದು ಟ್ಯಾಂಕನ್ನು ಭದ್ರವಾಗಿ ಕೂರಿಸಿದರೆ, ಹೋಗುವಾಗ ಅದು ಖಾಲಿ, ಬರುವಾಗ ತುಂಬಿದ್ದು. ಟನ್ನುಗಟ್ಟಲೆ ಹೊರುವ ಟ್ರೇಲರಿಗೆ ಅರ್ಧ ಟನ್ ಭಾರವೇ ಅಲ್ಲ. ಒಂದು ಟ್ರ್ಯಾಕ್ಟರಿನ ಗ್ಯಾಂಗಿನಲ್ಲಿ ಹತ್ತು ಜೋಡಿ ಇದ್ದರೆ ಒಂದೇ ಖೇಪಿನಲ್ಲಿ 1,000 ಲೀಟರ್ ಬಂದು, ಸಂಸಾರಕ್ಕೆ 100 ಲೀಟರಿನ ಲೆಕ್ಕ ಸರಿಹೋಗುತ್ತದೆ. ಟ್ರೇಲರಿನ ತಳ ನೆಲಕ್ಕಿಂತ ಒಂದು ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಪಂಪು ಬೇಡ. ಪೈಪು ಜೋಡಿಸಿದರೆ ನೀರು ತಾನಾಗಿ ಬಿಡಾರದ ಬ್ಯಾರಲಿಗೆ ಇಳಿಯುತ್ತದೆ. ಚಕ್ಕಡಿಯವರಿಗೆ ಇದೇ ಕ್ರಮದಲ್ಲಿ 100 ಲೀಟರಿನ ಒಂದು ಟಾಕಿ ಸಾಕು. ಕಾರ್ಖಾನೆಯ ಅಂಗಳದಲ್ಲಿ ತೂಕದ ಕಾಟಾದ ಪಕ್ಕ ಶುದ್ಧ ನೀರು ತುಂಬುವ ಒಂದು ನಳ, ಎತ್ತುಗಳಿಗೆ ಒಂದು ದೋಣಿ, ಪಾಳಿ ಕಾಯುವವರಿಗೆ ಬಿಸಿನೀರಿನ ಬಚ್ಚಲು ಇರಬೇಕು. ಆವಿಯಿಂದ ತಣಿದ ನೀರಿನಲ್ಲಿ ಸಕ್ಕರೆಯ ಅಂಶ, ವಾಸನೆ ಇರಬಹುದು. ಅದನ್ನು ನೇರ ಬಳಸದೆ, ಅದರ ಶಾಖವನ್ನು ಮಾತ್ರ ಕೊಳವೆಗಳ ಮೂಲಕ ತಿಳಿನೀರಿಗೆ ದಾಟಿಸಿದರಾಯಿತು. ಇಂಥ ಶಾಖ ದಾಟಿಸುವ ಕೆಲಸ ಕಾರ್ಖಾನೆಯ ಎಂಜಿನಿಯರುಗಳಿಗೆ ದಿನನಿತ್ಯದ್ದು.

ಇದು ಆಗದ ಮಾತು ಎನ್ನುವವರು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಗೆ ಹೋಗಿ ಕೃಷ್ಣೆಯ ದಂಡೆಯಲ್ಲಿ ನಿಂತು ನೋಡಬೇಕು. ಬೇಸಿಗೆಯಲ್ಲಿ ನದಿ ಬತ್ತಿ ಬೆಳೆ ಒಣಗುತ್ತಿದ್ದಾಗ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ಬೆವರು ಸುರಿಸಿ 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಹೆಸರಾದ ಅದು ಇವತ್ತಿಗೂ ನೀರು ಹಿಡಿದು ನಿಂತಿದೆ. ನ್ಯಾಮಗೌಡರನ್ನು ಜನ ಪ್ರೀತಿಯಿಂದ ಬ್ಯಾರೇಜ್ ಸಿದ್ದು ಎಂದು ಕರೆದರು, 1991ರಲ್ಲಿ ಲೋಕಸಭೆಗೂ ಕಳಿಸಿದರು. ನದಿಗೇ ಅಡ್ಡಗಟ್ಟೆ ಹಾಕಿದ ಸೀಮೆ ಇದು. ಟ್ರೇಲರಿಗೊಂದು ಟ್ಯಾಂಕು ಕೂರಿಸುವುದು ಈ ಜನರ ಶಕ್ತಿಗೆ ಮೀರಿದ ಕೆಲಸವಲ್ಲ. ಆ ಬ್ಯಾರೇಜಿನ ನೀರಿನಿಂದ ಬೆಳೆದ ಕಬ್ಬನ್ನು ಕಡಿಯುವವರು ನೀರಿನ ಲೆಕ್ಕದಿಂದ ಹೊರಗೆ ಉಳಿಯಬಾರದು.

ಕಡಿಯುವ ದರ, ಮುಕಾದಮನ ಕಮಿಷನ್ನು, ಸಾಗಣೆಯ ಬಾಡಿಗೆ, ಮುಂಗಡದ ಮೊತ್ತ ಎಲ್ಲವೂ ಕರಾರಿನ ಕಾಗದದಲ್ಲಿ ಬರುತ್ತವೆ. ಟನ್ನಿಗೆ 50 ಲೀಟರ್ ನೀರು ಎಂಬ ಒಂದು ಸಾಲು ಅದೇ ಕಾಗದಕ್ಕೆ ಸೇರಬೇಕು. ಕಬ್ಬಿನ ದರಕ್ಕಾಗಿ ಜಿಲ್ಲಾಧಿಕಾರಿಗಳ ಮುಂದೆ ಕಾರ್ಖಾನೆಯವರೂ ರೈತ ಮುಖಂಡರೂ ಕೂರುವ ಸಭೆಯಲ್ಲಿ ಈ ಸಾಲನ್ನು ಎತ್ತಬೇಕಾದವರು ರೈತರೇ, ಏಕೆಂದರೆ ಬಿಡಾರ ಅವರ ಬದುವಿನಲ್ಲೇ ಇದೆ. ಮುಂದಿನ ಹಂಗಾಮಿನ ಮುಂಗಡ ಹಂಚುವುದು ಮಳೆಗಾಲದಲ್ಲಿ ಶುರುವಾಗುತ್ತದೆ. ಅಷ್ಟರೊಳಗೆ ಆ ಸಾಲು ಬರೆದಾಗಬೇಕು, ಟ್ಯಾಂಕುಗಳು ಟ್ರೇಲರ್ ಏರಿರಬೇಕು.